ತಪಾಸಣೆಯ ದಿನದ ತೊಟ್ಟಿಲು

ನಾನು ಒಂದು ತೊಟ್ಟಿಲು. ಗಿಳಿ ಕೆತ್ತಿದ ಮರದ ತೊಟ್ಟಿಲಲ್ಲ, ಯಾರದೋ ಅಜ್ಜಿಯ ಕಾಲದ್ದೂ ಅಲ್ಲ. ನಾಲ್ಕು ಕಬ್ಬಿಣದ ಕಾಲು, ಎರಡು ಕೊಂಡಿ, ನಡುವೆ ತೂಗುವ ಒಂದು ಬುಟ್ಟಿ, ಮೈತುಂಬ ತಿಳಿ ಗುಲಾಬಿ ಬಣ್ಣ. ಹುಟ್ಟಿದ್ದು ಕೋಲಾರದ ಕಡೆಯ ಒಂದು ಪಟ್ಟಣದ ವೆಲ್ಡಿಂಗ್ ಅಂಗಡಿಯಲ್ಲಿ. ಅಲ್ಲಿ ಹೆಚ್ಚಾಗಿ ಗೇಟುಗಳನ್ನು ಮಾಡುತ್ತಿದ್ದರು. ಯಾರದೋ ಮನೆಯ ಗೇಟಿಗೆಂದು ತಂದ ಪೈಪಿನಲ್ಲಿ ಮಿಕ್ಕ ತುಂಡುಗಳನ್ನು ಸೇರಿಸಿ ನನ್ನನ್ನು ಮಾಡಿದರು. ಬಂದವರನ್ನೆಲ್ಲ ನಿಲ್ಲಿಸಿ ನೋಡುವ ಗೇಟಿನ ಗುಣ ನನ್ನ ಕಬ್ಬಿಣದಲ್ಲಿ ಉಳಿದುಬಿಟ್ಟಿತೋ ಏನೋ, ಹುಟ್ಟಿದಾಗಿನಿಂದ ನನಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ.

ಮೊದಲು ನನ್ನನ್ನು ಕೊಂಡದ್ದು ಒಂದು ಖಾಸಗಿ ಹೆರಿಗೆ ಆಸ್ಪತ್ರೆ. ನನ್ನಲ್ಲಿದ್ದ ಅನುಮಾನಕ್ಕೆ ನೀರೆರೆದು ಬೆಳೆಸಿದ್ದು ಅದೇ ಜಾಗ. ಹುಟ್ಟಿದ ಕೂಸನ್ನು ನೋಡಲು ನೆಂಟರು ಬರುತ್ತಿದ್ದರು. ಕೂಸಿನ ಮುಖ ನೋಡುವ ಮೊದಲೇ ಮೆಲ್ಲಗೆ ಬಟ್ಟೆ ಸರಿಸಿ ನೋಡುತ್ತಿದ್ದರು. ಗಂಡಾದರೆ ಹಲ್ಲು ಕಾಣುವಂತೆ ನಗು, ಹೆಣ್ಣಾದರೆ ‘ಲಕ್ಷ್ಮಿ ಬಂದಳು’ ಎಂಬ ಮಾತು. ಆ ಮಾತು ಹೇಳುವಾಗ ಅವರ ಮುಖ ಹೇಗಿರುತ್ತಿತ್ತೆಂದು ನಾನು ಕೆಳಗಿನಿಂದ ನೋಡಿದ್ದೇನೆ. ತೊಟ್ಟಿಲಿನ ಮೇಲೆ ಬಗ್ಗುವ ಮುಖಗಳೆಲ್ಲ ನಗುತ್ತವೆ. ತಲೆಯೆತ್ತಿದ ಮೇಲೆ ಏನಾಗುತ್ತವೆ ಎನ್ನುವುದೇ ಮುಖ್ಯ.

ಕೆಲವು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಚಕ್ರವಿರುವ ಹೊಸ ತೊಟ್ಟಿಲುಗಳು ಬಂದವು. ನಾನು ಹಳೆಯ ಸಾಮಾನಿನ ಅಂಗಡಿ ಸೇರಿದೆ. ಒಂದು ದಿನ ಪಿಳ್ಳಪ್ಪನವರು ಬಂದು ನನ್ನನ್ನು ಕೊಂಡರು. ಅವರ ಜೊತೆ ಬಸುರಿಯಿರಲಿಲ್ಲ, ಬಾಣಂತಿಯಿರಲಿಲ್ಲ. ಕೊಂಡಿ ಎಳೆದು ನೋಡಲಿಲ್ಲ, ಬುಟ್ಟಿ ಒತ್ತಿ ನೋಡಲಿಲ್ಲ. ‘ಬಣ್ಣ ಒಂದು ಹೊಡೆಸಿಬಿಡಪ್ಪ, ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು’ ಎಂದರು. ತೊಟ್ಟಿಲು ಕೊಳ್ಳುವವನು ಕೂಸಿನ ಮಾತೆತ್ತದೆ ಫೋಟೋದ ಮಾತೆತ್ತಿದರೆ ಏನೆಂದುಕೊಳ್ಳಬೇಕು? ಅಂದಿನಿಂದಲೇ ನಾನು ಅವರ ಮೇಲೆ ಒಂದು ಕಣ್ಣಿಟ್ಟೆ.

ಪಿಳ್ಳಪ್ಪನವರಿಗೆ ಮೂರು ಇಟ್ಟಿಗೆ ಗೂಡುಗಳಿದ್ದವು. ಒಂದು ಬತ್ತಿದ ಕೆರೆಯ ಅಂಗಳದಲ್ಲಿ, ಇನ್ನೊಂದು ರೈಲು ಹಳಿಯ ಪಕ್ಕ, ಮತ್ತೊಂದು ಗುಡ್ಡದ ಕೆಳಗೆ. ದೀಪಾವಳಿ ಮುಗಿಯುತ್ತಲೇ ರಾಯಚೂರು ಸೀಮೆಯಿಂದ ಕೂಲಿಯವರು ಗಂಡ ಹೆಂಡತಿ ಮಕ್ಕಳ ಸಮೇತ ಬಂದಿಳಿಯುತ್ತಿದ್ದರು. ಮುಂಗಾರು ಬೀಳುವವರೆಗೆ ಅವರ ಸಂಸಾರ ಅಲ್ಲೇ. ಅಂಥ ಕಡೆ ಕೂಲಿಯವರ ಮಕ್ಕಳಿಗೆ ನೆರಳಿನ ಒಂದು ಕೋಣೆ, ತೊಟ್ಟಿಲು, ನೋಡಿಕೊಳ್ಳುವ ಒಬ್ಬ ಹೆಂಗಸು ಇರಬೇಕೆಂದು ಕಾನೂನು ಹೇಳುತ್ತದಂತೆ. ಪಿಳ್ಳಪ್ಪನವರು ಕಾನೂನಿಗೆ ತಲೆಬಾಗುವವರು. ಗೂಡು ಮೂರಾದರೂ ತೊಟ್ಟಿಲು ಒಂದನ್ನೇ ಕೊಂಡರು.

ನಾನು ಟೆಂಪೋದಲ್ಲಿ ತಿರುಗಾಡತೊಡಗಿದೆ. ತಪಾಸಣೆ ಬರುವ ಮೊದಲೇ ತಪಾಸಣೆಯ ಸುದ್ದಿ ಬರುತ್ತಿತ್ತು. ಸುದ್ದಿ ಬಂದ ಬೆಳಿಗ್ಗೆ ಮೇಸ್ತ್ರಿ ಅಪ್ಪಯ್ಯಣ್ಣ ನನ್ನನ್ನು ಟೆಂಪೋಗೆ ಹಾಕಿಸುತ್ತಿದ್ದ. ಜೊತೆಗೆ ‘ಮಕ್ಕಳ ಪಾಲನಾ ಕೊಠಡಿ’ ಎಂದು ಬರೆದ ಒಂದು ಬೋರ್ಡು, ಒಂದು ಚಾಪೆ, ಬಾಲ ಮುರಿದ ಪ್ಲಾಸ್ಟಿಕ್ ಕುದುರೆ, ನಲ್ಲಿ ತಿರುಗಿಸಿದರೆ ಹನಿ ನೀರೂ ಬಾರದ ಒಂದು ಫಿಲ್ಟರು. ಪ್ರತಿ ಗೂಡಿನಲ್ಲೂ ಡೀಸೆಲ್ ಕ್ಯಾನುಗಳನ್ನು ಇಡುತ್ತಿದ್ದ ಒಂದು ತಗಡಿನ ಕೋಣೆಯಿತ್ತು. ಕ್ಯಾನುಗಳು ಹೊರಗೆ, ನಾವು ಒಳಗೆ. ಕಾರ್ಮಿಕ ಇಲಾಖೆಯ ಅಧಿಕಾರಿ ಬಾಗಿಲಲ್ಲೇ ನಿಂತು ಇಣುಕಿ, ಎಳನೀರು ಕುಡಿದು ಹೋಗುತ್ತಿದ್ದರು. ಸಂಜೆಗೆ ಕ್ಯಾನುಗಳು ಒಳಗೆ, ನಾವು ಟೆಂಪೋಗೆ. ನನ್ನ ಬುಟ್ಟಿಯಲ್ಲಿ ಆಗ ಮಲಗುತ್ತಿದ್ದುದು ಆ ಕುದುರೆ ಒಂದೇ.

ಪಿಳ್ಳಪ್ಪನವರ ಬಗ್ಗೆ ಒಂದು ಮಾತು ಹೇಳಬೇಕು. ಬಾಯಲ್ಲಿ ಬಸಪ್ಪ ಹೊಟ್ಟೆಯಲ್ಲಿ ವಿಷಪ್ಪ ಎನ್ನುತ್ತಾರಲ್ಲ, ಅವರು ಅಷ್ಟು ಸುಲಭಕ್ಕೆ ಸಿಗುವ ಮನುಷ್ಯರಲ್ಲ. ತಮ್ಮ ಹೊಟ್ಟೆಯಲ್ಲಿರುವುದೂ ಬಸಪ್ಪನೇ ಎಂದು ಅವರು ನಂಬಿದ್ದರು. ‘ನಮ್ಮ ಹತ್ರ ಬಂದೋರೆಲ್ಲ ನಮ್ಮ ಮಕ್ಳಿದ್ದಂಗೆ’ ಎಂದು ಕಣ್ಣಲ್ಲಿ ನೀರು ತಂದುಕೊಂಡೇ ಹೇಳುತ್ತಿದ್ದರು. ಸುಳ್ಳನ್ನು ಗೊತ್ತಿದ್ದು ಹೇಳುವವನಿಗಿಂತ ನಂಬಿ ಹೇಳುವವನ ಬಗ್ಗೆ ನಾನು ಹೆಚ್ಚು ಎಚ್ಚರ.

ಈಗ ಕೆರೆಯಂಗಳದ ಗೂಡಿಗೆ ಬರುತ್ತೇನೆ. ಅಲ್ಲಿ ಒಂದು ಮರವಿಲ್ಲ. ಎಲ್ಲಿ ನೋಡಿದರೂ ಹಸಿ ಇಟ್ಟಿಗೆಯ ಒಟ್ಟುಗಳು. ಮಣ್ಣಿನಿಂದ ಮಾಡಿ, ಇನ್ನೂ ಸುಡದೆ, ಒಣಗಲೆಂದು ಆಳೆತ್ತರಕ್ಕೆ ಪೇರಿಸಿಟ್ಟ ಸಾಲುಗಳು. ಗೂಡಿನಲ್ಲಿ ಕೆಲಸಕ್ಕೆ ಒಬ್ಬೊಬ್ಬರನ್ನೇ ಲೆಕ್ಕ ಹಿಡಿಯುವುದಿಲ್ಲ, ಜೋಡಿಯನ್ನು ಹಿಡಿಯುತ್ತಾರೆ. ಗಂಡ ಮಣ್ಣು ತುಳಿದು ಹದ ಮಾಡಬೇಕು, ಹೆಂಡತಿ ಅಚ್ಚಿಗೆ ತುಂಬಿ ಬೋರಲು ಹಾಕಬೇಕು. ಹೆಂಡತಿ ಕೂಸಿಗೆ ಹಾಲು ಕೊಡಲು ಕೂತರೆ ಜೋಡಿ ನಿಂತಿತು, ಜೋಡಿ ನಿಂತರೆ ಆ ಹೊತ್ತಿನ ಕೂಲಿ ಇಬ್ಬರಿಗೂ ಇಲ್ಲ. ಬಿಟ್ಟು ಹೋಗೋಣವೆಂದರೆ ಊರಿನಲ್ಲೇ ಮುಂಗಡ ಕೊಟ್ಟು ಕಟ್ಟಿಹಾಕಿ ಕರೆತಂದಿರುತ್ತಾರೆ.

ದೇವದುರ್ಗದ ಕಡೆಯ ಸಾಬಮ್ಮ ಮತ್ತು ಮೋನಪ್ಪ ಅಂಥ ಒಂದು ಜೋಡಿ. ಸಾಬಮ್ಮ ಬರುವಾಗಲೇ ತುಂಬಿದ ಬಸುರಿ. ಸಂಕ್ರಾಂತಿ ಕಳೆದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹೆತ್ತಳು. ಬಾಣಂತನ ಮುಗಿಯುವ ಮೊದಲೇ ಅಚ್ಚು ಹಿಡಿದಳು. ಕೂಸನ್ನು ಒಟ್ಟಿನ ನೆರಳಿನಲ್ಲಿ, ಗೋಣಿಯ ಮೇಲೆ ಮಲಗಿಸುತ್ತಿದ್ದಳು. ಬೆಳಿಗ್ಗೆ ಒಟ್ಟಿನ ಪಡುವಣಕ್ಕೆ ನೆರಳು, ಮಧ್ಯಾಹ್ನದ ಮೇಲೆ ಮೂಡಣಕ್ಕೆ. ನೆರಳು ಸರಿದಂತೆ ಕೂಸನ್ನು ಸರಿಸಬೇಕು. ತಪಾಸಣೆಗೆಂದು ನನ್ನನ್ನು ಅಲ್ಲಿ ಇಳಿಸಿದ ದಿನಗಳಲ್ಲಿ ತಗಡಿನ ಕೋಣೆಯ ಬಾಗಿಲಿನಿಂದ ನೋಡುತ್ತಿದ್ದೆ. ಅವಳು ಒಂದು ಇಟ್ಟಿಗೆ ಬೋರಲು ಹಾಕಿ ತಲೆಯೆತ್ತುವಳು, ಇನ್ನೊಂದು ಹಾಕಿ ಮತ್ತೆ ತಲೆಯೆತ್ತುವಳು.

ಮೋನಪ್ಪನ ಅಕ್ಕ ಹುಲಿಗೆಮ್ಮ ಅದೇ ಗೂಡಿನಲ್ಲಿ ತನ್ನ ಗಂಡನೊಂದಿಗೆ ದುಡಿಯುತ್ತಿದ್ದಳು. ಎತ್ತರದ ಹೆಂಗಸು, ಮಾತು ಜೋರು, ನಗು ಇಲ್ಲ. ಮೊದಲ ದಿನವೇ ಅವಳ ಮೇಲೆ ನನಗೆ ಅನುಮಾನ ಬಂತು. ಅದಕ್ಕೆ ಕಾರಣವಿತ್ತು. ಟೆಂಪೋದಿಂದ ನನ್ನನ್ನು ಇಳಿಸುವಾಗ ಅಪ್ಪಯ್ಯಣ್ಣ ಡ್ರೈವರನಿಗೆ ಪಿಸುಗುಟ್ಟಿದ.

‘ಆ ಯಮ್ಮನ್ ಮಗೂನೇ ಕಣಯ್ಯ ಹೋದ್ವರ್ಷ ಒಟ್ಟು ಕುಸಿದು ಹೋಗಿದ್ದು. ಮೂರು ವರ್ಸದ ಗಂಡುಮಗು. ಮಳೇಲಿ ಇಟ್ಟಿಗೆ ಮುಚ್ಚೋಕೆ ಎಲ್ರೂ ಓಡಿದ್ವು, ಮಗು ಅಲ್ಲೇ ಉಳ್ಕೊಂಡ್ಬಿಡ್ತು.’

ಮಗನನ್ನು ನುಂಗಿದ ನೆಲಕ್ಕೆ ಮತ್ತೆ ಕೆಲಸಕ್ಕೆ ಬಂದವಳು ಎಂಥ ತಾಯಿ ಎಂದುಕೊಂಡೆ. ಅವಳು ನಡುವೆ ಬಿಟ್ಟುಹೋದ ಹಂಗಾಮಿನ ಮುಂಗಡ ಇನ್ನೂ ತೀರಿಲ್ಲವೆಂದು ಹೇಳಿ ಕರೆಸಿದ್ದರು ಎಂದು ಆಮೇಲೆ ತಿಳಿಯಿತು. ತಿಳಿದರೂ ನನ್ನ ಅನುಮಾನ ಹೋಗಲಿಲ್ಲ. ಅವಳು ಬಂದಾಗಲೆಲ್ಲ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು. ಏನೋ ಲೆಕ್ಕ ಹಾಕುವ ನೋಟ ಅದು. ಮೇಸ್ತ್ರಿಯ ಕೆಲಸಕ್ಕೆ ಹೊಂಚು ಹಾಕುತ್ತಿದ್ದಾಳೋ, ಮಾಲೀಕರ ಕಿವಿ ಕಚ್ಚುವವಳೋ ಎಂದು ನನಗೆ ಗುಮಾನಿ.

ಹಳೆಯ ಅಧಿಕಾರಿಗೆ ವರ್ಗವಾಯಿತು. ಹೊಸಬರೊಬ್ಬರು ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಕೈಯಲ್ಲಿ ನೀರಿನ ಬಾಟಲಿ. ಎಳನೀರು ಬೇಡವೆಂದಾಗಲೇ ಪಿಳ್ಳಪ್ಪನವರ ಮುಖ ಸ್ವಲ್ಪ ಬಾಡಿತು. ಅಧಿಕಾರಿ ಒಳಗೇ ಬಂದು ನನ್ನ ಬುಟ್ಟಿಯೊಳಗೆ ಕೈಯಿಟ್ಟರು. ಕುದುರೆಯನ್ನು ಎತ್ತಿ ನೋಡಿ, ಮತ್ತೆ ಇಟ್ಟರು. ಅಪ್ಪಯ್ಯಣ್ಣನಿಗೆ ಗಾಬರಿಯಾಯಿತು. ಏನಾದರೂ ಮಾಡಿ ತೋರಿಸಬೇಕೆಂದು ನನ್ನನ್ನು ಜೋರಾಗಿ ತೂಗತೊಡಗಿದ.

ಬಾಗಿಲಲ್ಲಿದ್ದ ಹುಲಿಗೆಮ್ಮ ಒಳಗೆ ಬಂದು ಅವನ ಕೈ ತಡೆದಳು. ‘ಖಾಲಿ ತೊಟ್ಲಾ ತೂಗಬಾರ್ದ್ರೀ ಯಪ್ಪಾ. ನಿಮ್ ಮನ್ಯಾಗ ಹೇಳಿಕೊಟ್ಟಿಲ್ಲೇನು?’

‘ಖಾಲಿ ಯಾಕಿದೆ?’ ಎಂದು ಅಧಿಕಾರಿ ಕೇಳಿದರು. ‘ಹೊರಗೆ ಬಿಸಿಲಲ್ಲಿ ಒಂದು ಮಗು ಮಲಗಿದೆಯಲ್ಲ.’

‘ಇವ್ರಿಗೆ ಹೇಳಿ ಹೇಳಿ ಸಾಕಾಯ್ತು ಮೇಡಂ’ ಎಂದರು ಪಿಳ್ಳಪ್ಪನವರು. ‘ನಾವು ಎಲ್ಲಾ ಮಾಡಿಟ್ಟಿದೀವಿ. ಈ ಜನಾನೇ ಮಲಗಿಸಲ್ಲ. ಮೂಢನಂಬಿಕೆ.’

ಅಧಿಕಾರಿ ಹುಲಿಗೆಮ್ಮನ ಕಡೆ ತಿರುಗಿದರು. ಈಗ ಇವಳು ಮಾಲೀಕರ ಮಾತಿಗೆ ಹೌದೌದು ಎನ್ನುತ್ತಾಳೆ, ನೋಡುತ್ತಿರು ಎಂದು ನಾನು ನನಗೇ ಹೇಳಿಕೊಂಡೆ. ಅವಳು ಹಾಗೆಯೇ ಮಾಡಿದಳು.

‘ಖರೇ ಐತ್ರಿ ಮೇಡಂ, ಮಾಲಕ್ರದೇನೂ ತಪ್ಪಿಲ್ಲ. ತೊಟ್ಲಾ ತಂದಿಟ್ಟಾರ. ಶಾಸ್ತ್ರ ಆಗಿಲ್ರಿ. ಶಾಸ್ತ್ರ ಆಗದ ತೊಟ್ಲಾದಾಗ ನಾವು ಕೂಸಿನ್ನ ಹಾಕಂಗಿಲ್ಲ. ಮತ್ತ, ತೊಟ್ಲಾ ತರಬೇಕಾದವ್ರು ತವರಮನ್ಯಾವ್ರು. ನಮ್ ಸಾಬಮ್ಮಗ ತವರಾಗ ಯಾರೂ ಉಳಿದಿಲ್ಲ. ಮಾಲಕ್ರು ತಾವ ತವರಮನಿ ಅಂತ ನಿಂತು ಕೊಟ್ರ, ಇವತ್ತ ಹೆಸರಿಟ್ಟ ತೊಟ್ಲಾಕ ಹಾಕ್ತೀವಿ.’

ಪಿಳ್ಳಪ್ಪನವರಿಗೆ ಹೋದ ಜೀವ ಬಂದಂತಾಯಿತು. ‘ಅದಕ್ಕೇನಂತೆ? ಅವಳು ನಮ್ಮನೆ ಮಗಳಿದ್ದಂಗೇ ಅಲ್ವಾ. ಮಾಡ್ರಮ್ಮ, ಈಗ್ಲೇ ಮಾಡಿ’ ಎಂದರು. ಅಪ್ಪಯ್ಯಣ್ಣನನ್ನು ಎಲೆ, ಅಡಿಕೆ, ತೆಂಗಿನಕಾಯಿ, ಕಡಲೆ, ಒಂದು ರವಿಕೆ ಬಟ್ಟೆ ತರಲು ಅಟ್ಟಿದರು. ಅಧಿಕಾರಿಗೂ ಕುತೂಹಲ. ‘ಇದ್ದು ನೋಡಿಕೊಂಡೇ ಹೋಗ್ತೀನಿ’ ಎಂದು ಚಾಪೆಯ ಮೇಲೆ ಕೂತರು.

ಅವರ ಸೀಮೆಯಲ್ಲಿ ಹೊಸ ತೊಟ್ಟಿಲಿಗೆ ಕೂಸನ್ನು ನೇರವಾಗಿ ಹಾಕುವುದಿಲ್ಲ. ಒರಳಿನ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಕುಂಕುಮ ಹಚ್ಚಿ, ಅದನ್ನೇ ಮೊದಲ ಕೂಸೆಂದು ಮಲಗಿಸಿ ತೂಗುತ್ತಾರೆ. ಇರುವ ಕೆಡುಕೆಲ್ಲ ಕಲ್ಲಿಗೆ ತಾಕಲಿ, ಆಮೇಲೆ ಬರುವ ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಗೂಡಿನಲ್ಲಿ ಒರಳು ಎಲ್ಲಿಂದ ಬರಬೇಕು? ಗುಡಿಸಲುಗಳಲ್ಲಿ ಇದ್ದದ್ದು ಮೂರು ಕಲ್ಲಿನ ಒಲೆ ಮಾತ್ರ. ಹೆಂಗಸರು ಮುಖ ಮುಖ ನೋಡಿಕೊಂಡರು. ಹುಲಿಗೆಮ್ಮ ಹೊರಗೆ ಹೋಗಿ ಸುಟ್ಟ ಇಟ್ಟಿಗೆಯೊಂದನ್ನು ತಂದಳು. ನಡುವೆ ಪಿಳ್ಳಪ್ಪನವರ ಹೆಸರಿನ ಅಕ್ಷರಗಳ ಅಚ್ಚು ಇತ್ತು. ಅದನ್ನೇ ರವಿಕೆ ಬಟ್ಟೆಯಲ್ಲಿ ಸುತ್ತಿ, ಹಣೆಯೆಂದು ಊಹಿಸಿದ ಕಡೆ ಕುಂಕುಮ ಇಟ್ಟಳು.

‘ತವರಿನವ್ರು ಮೊದಲ ತೂಗಬೇಕ್ರಿ’ ಎಂದಳು.

ಪಿಳ್ಳಪ್ಪನವರು ಚಪ್ಪಲಿ ಬಿಟ್ಟು ಬಂದು ಇಟ್ಟಿಗೆಯನ್ನು ತಾವೇ ಕೈಯಾರೆ ನನ್ನಲ್ಲಿ ಮಲಗಿಸಿ ತೂಗಿದರು. ಹೆಂಗಸರು ಎರಡೂ ಕಡೆ ನಿಂತು ಅದನ್ನು ನನ್ನ ಮೇಲಿನಿಂದಲೂ ಕೆಳಗಿನಿಂದಲೂ ದಾಟಿಸಿ ಕೈ ಬದಲಿಸಿದರು. ಆಮೇಲೆ ಕೂಸು ಬಂತು. ಸೋದರತ್ತೆಯಾದ ಹುಲಿಗೆಮ್ಮ ಬಗ್ಗಿ ಅದರ ಕಿವಿಯಲ್ಲಿ ‘ಗಂಗವ್ವ’ ಎಂದು ಹೆಸರು ಉಸುರಿದಳು. ಹೆಸರಿಟ್ಟವರಿಗೆ ಗುದ್ದುವುದೂ ಶಾಸ್ತ್ರವೇ, ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಿದರು. ಬೇಯಿಸಿದ ಕಡಲೆಯ ಗುಗ್ಗರಿಯನ್ನು ಎಲ್ಲರಿಗೂ ಹಂಚಿದರು. ಅಧಿಕಾರಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಆಸ್ಪತ್ರೆ ಬಿಟ್ಟ ಮೇಲೆ ನನ್ನಲ್ಲಿ ಮಲಗಿದ ಮೊದಲ ಕೂಸು ಅದು. ಅದರ ಬಿಸಿ ನನ್ನ ಬುಟ್ಟಿಗೆ ತಾಕಿದಾಗ ನನಗೆ ಸಂತೋಷವಾಯಿತು. ಸಂತೋಷವಾಯಿತೆಂದೇ ಇನ್ನಷ್ಟು ಅನುಮಾನವಾಯಿತು. ಸಂಜೆಗೆ ಟೆಂಪೋ ಬಂದೇ ಬರುತ್ತದೆ.

ಟೆಂಪೋ ಬಂತು. ‘ಎತ್ರಪ್ಪ, ನಾಳೆ ಗುಡ್ಡದ ಗೂಡಲ್ಲಿ ತಪಾಸಣೆ’ ಎಂದ ಅಪ್ಪಯ್ಯಣ್ಣ.

ಹುಲಿಗೆಮ್ಮ ಅಡ್ಡ ನಿಲ್ಲಲಿಲ್ಲ. ಕೂಸನ್ನು ಎತ್ತಿ ಸಾಬಮ್ಮನ ಕೈಗೆ ಕೊಟ್ಟು, ಬಾಗಿಲ ಬದಿಗೆ ಸರಿದಳು. ‘ಒಯ್ಯಿರಿ. ನಾವ್ಯಾಕ ಬ್ಯಾಡ ಅನ್ನೋಣ. ಆದ್ರ ತವರಿನವ್ರು ಕೊಟ್ಟ ತೊಟ್ಲಾ, ಆ ಕೂಸು ತಾನ ಹೊಸ್ತಿಲಾ ದಾಟೂತನಕ ಕದಲಿಸಬಾರ್ದು. ಕದಲಿಸಿದವ್ರ ಮನ್ಯಾಗ ಮತ್ತ ತೊಟ್ಲಾ ತೂಗಂಗಿಲ್ಲ. ನಮ್ ಕಡೆ ಹಿಂಗ. ನಿಮ್ ಕಡೆ ಹೆಂಗೋ ಗೊತ್ತಿಲ್ಲಪ್ಪ.’

ನನ್ನ ಕಾಲಿಗೆ ಕೈ ಹಾಕಿದ್ದ ಅಪ್ಪಯ್ಯಣ್ಣ ಕೈ ತೆಗೆದ. ಅವನ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ನೀನೇ ಎತ್ತು ಎಂದು ಡ್ರೈವರನಿಗೆ ಹೇಳಿದ. ಡ್ರೈವರನಿಗೆ ಇನ್ನೂ ಮದುವೆಯಾಗಿರಲಿಲ್ಲ, ಆದರೂ ಮುಂದೆ ಆಗಬೇಕಲ್ಲ ಎಂದು ಅವನೂ ಹಿಂದೆ ಸರಿದ. ಮಾಲೀಕರಿಗೆ ಫೋನು ಹೋಯಿತು. ಪಿಳ್ಳಪ್ಪನವರು ಬೈಯುತ್ತಲೇ ಬಂದರು. ‘ಏನ್ರೋ ಇದು, ಒಂದು ತೊಟ್ಲು ಎತ್ತೋಕೆ ಇಷ್ಟೊಂದ್ ಪುರಾಣವಾ? ಬಿಡ್ರಿ, ನಾನೇ ಎತ್ತೀನಿ’ ಎಂದು ನನ್ನ ಅಂಚು ಹಿಡಿದರು. ಅವರ ಸೊಸೆಗೆ ಮದುವೆಯಾಗಿ ಬಹಳ ವರ್ಷ ಕಳೆದಿದ್ದರೂ ಮಕ್ಕಳಿರಲಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅವರ ಬೆರಳು ನನ್ನ ಅಂಚಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನನ್ನ ಮೇಲಿನ ಧೂಳು ಒರೆಸುತ್ತಿದ್ದವರಂತೆ ಒಮ್ಮೆ ಸವರಿ, ‘ಇರ್ಲಿ ಬಿಡು, ಆ ಗೂಡಿಗೆ ಬೇರೆ ತರೋಣ’ ಎಂದು ಹೊರಟುಬಿಟ್ಟರು. ಇಂಗು ತಿಂದ ಮಂಗನ ಮುಖ ಎಂದರೆ ಏನೆಂದು ನನಗೆ ಅಂದು ತಿಳಿಯಿತು.

ಅವರು ಹೋದ ಮೇಲೆ ಸಾಬಮ್ಮ ಮೆಲ್ಲಗೆ ಕೇಳಿದಳು. ‘ಯಕ್ಕಾ, ಖರೇನ ಹಂಗೈತೇನು? ನಮ್ಮವ್ವ ಎಂದೂ ಹೇಳಿರಲಿಲ್ಲ.’

‘ನಮ್ಮವ್ವನೂ ಹೇಳಿರಲಿಲ್ಲ’ ಎಂದಳು ಹುಲಿಗೆಮ್ಮ.

ನನಗೆ ಇವಳ ಮೇಲಿದ್ದ ಅನುಮಾನ ಇಮ್ಮಡಿಯಾಯಿತು. ಮಾಲೀಕರನ್ನೇ ಇಷ್ಟು ಸಲೀಸಾಗಿ ಯಾಮಾರಿಸುವವಳು ಸಾಬಮ್ಮನನ್ನು ಬಿಡುತ್ತಾಳೆಯೇ? ತೊಟ್ಟಿಲು ಉಳಿದರೆ ಅವಳಿಗೇನು ಲಾಭ? ಅವಳಿಗೆ ತೂಗಲು ಕೂಸಿಲ್ಲ. ಲಾಭವಿಲ್ಲದ ಕೆಲಸ ಮಾಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಾನು ಉಳಿದೆ, ಡೀಸೆಲ್ ಕ್ಯಾನುಗಳು ಖಾಯಂ ಹೊರಗೆ ಹೋದವು. ಆದರೆ ಅಷ್ಟಕ್ಕೇ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ತೊಟ್ಟಿಲಿದ್ದರೂ ತೂಗುವವರಿಲ್ಲ, ಕಾಯುವವರಿಲ್ಲ. ಬೇಸಗೆ ಏರಿದಂತೆ ಮಧ್ಯಾಹ್ನದ ಹೊತ್ತಿಗೆ ನಮ್ಮ ತಗಡಿನ ಸೂರು ಒಲೆಯ ಮೇಲಿನ ಹೆಂಚಾಗುತ್ತಿತ್ತು. ಸಾಬಮ್ಮ ಬೆಳಿಗ್ಗೆ ಕೂಸನ್ನು ನನ್ನಲ್ಲಿ ಮಲಗಿಸಿ, ಸೂರು ಕಾದ ಮೇಲೆ ಎತ್ತಿಕೊಂಡು ಹೋಗಿ ಮತ್ತೆ ಒಟ್ಟಿನ ನೆರಳಿನಲ್ಲೇ ಮಲಗಿಸುತ್ತಿದ್ದಳು. ಬೇರೆ ದಾರಿಯಿರಲಿಲ್ಲ. ಒಟ್ಟಿನ ಕಡೆ ನೋಡುವಾಗ ಹುಲಿಗೆಮ್ಮನ ಮುಖ ಬಿಗಿಯುತ್ತಿತ್ತು. ‘ಅಲ್ಲಿ ಬ್ಯಾಡಬೇ’ ಎನ್ನುತ್ತಿದ್ದಳು. ‘ಮತ್ತ ಎಲ್ಲಿ ಹಾಕ್ಲಿ, ನನ್ನ ತಲಿಮ್ಯಾಲ ಹಾಕ್ಕೊಳ್ಳಲೇನು?’ ಎಂದು ಸಾಬಮ್ಮ ಸಿಡುಕುತ್ತಿದ್ದಳು. ಪಾಪ, ಅವಳಾದರೂ ಏನು ಮಾಡಿಯಾಳು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಾಳಿ ಒಮ್ಮೆಲೇ ನಿಂತುಹೋಯಿತು. ಬಾನಿನ ಮೂಲೆಯಲ್ಲಿ ಕಪ್ಪಗೆ ಮೋಡ ಎದ್ದಿತು. ಗೂಡಿನಲ್ಲಿ ಮಳೆಗೆ ಒಂದೇ ಕಟ್ಟಳೆ. ಅಪ್ಪಯ್ಯಣ್ಣ ಸೀಟಿ ಊದಿದರೆ ಗಂಡಸರು, ಹೆಂಗಸರು, ನಡೆಯಬಲ್ಲ ಮಕ್ಕಳು ಎಲ್ಲರೂ ಮೊದಲು ಓಡಿ ಹಸಿ ಇಟ್ಟಿಗೆಗೆ ತಾಡಪತ್ರಿ ಹೊದಿಸಬೇಕು. ಇಟ್ಟಿಗೆ ನೆನೆದರೆ ಮತ್ತೆ ಮಣ್ಣು. ಮನುಷ್ಯರು ನೆನೆದರೆ ಒಣಗುತ್ತಾರೆ.

ಸಾಬಮ್ಮ ಆಗ ಕೂಸನ್ನು ಒಟ್ಟಿನ ನೆರಳಿನಲ್ಲಿ ಮಲಗಿಸಿ ಬಾವಿಯ ಕಡೆ ನೀರಿಗೆ ಹೋಗಿದ್ದಳು. ಸೀಟಿ ಕೂಗಿತು. ಕೊಡ ಅಲ್ಲೇ ಇಟ್ಟು ಅವಳು ದೂರದ ಸಾಲಿನ ತಾಡಪತ್ರಿ ಹಿಡಿಯಲು ಓಡಿದಳು. ಎಲ್ಲರೂ ಆ ಕಡೆ ಓಡುತ್ತಿದ್ದಾಗ ಹುಲಿಗೆಮ್ಮ ಒಬ್ಬಳು ಈ ಕಡೆ ಓಡಿ ಬರುತ್ತಿದ್ದಳು. ‘ಏಯ್, ಎಲ್ಲಿಗಮ್ಮ ಹೋಗ್ತಿದೀಯ, ಇಟ್ಟಿಗೆ ನೋಡು’ ಎಂದು ಅಪ್ಪಯ್ಯಣ್ಣ ಕಿರುಚುತ್ತಿದ್ದ. ಅವಳು ಒಟ್ಟಿನ ಬುಡದಿಂದ ಕೂಸನ್ನು ಬಾಚಿಕೊಂಡು, ಕೋಣೆಗೆ ನುಗ್ಗಿ, ನನ್ನಲ್ಲಿ ಮಲಗಿಸಿದಳು. ‘ಇಲ್ಲೇ ಇರಬೇ ನನ್ನವ್ವ’ ಎಂದಳು. ಆ ಮಾತಿಗೆ ಸಾಕ್ಷಿ ನಾನು ಮಾತ್ರ. ಅದನ್ನು ಕೇಳಿದ ಮೇಲೂ ಅವಳಲ್ಲಿ ಲಾಭ ಹುಡುಕುತ್ತಿದ್ದರೆ ನಾನು ತೊಟ್ಟಿಲೆನ್ನಿಸಿಕೊಳ್ಳುವುದೇ ಬೇಡ.

ಅವಳು ಮತ್ತೆ ಸಾಲುಗಳ ಕಡೆ ಓಡಿದಳು. ಮಳೆ ಆಲಿಕಲ್ಲಿನೊಂದಿಗೇ ಬಿತ್ತು. ತಗಡಿನ ಮೇಲಿನ ಸದ್ದಿಗೆ ಕೂಸಿನ ಅಳು ನನಗೇ ಕೇಳಿಸಲಿಲ್ಲ. ಬಾಗಿಲಿನಿಂದ ನೋಡುತ್ತಿದ್ದಂತೆ ಗಾಳಿ ಒಂದು ತಾಡಪತ್ರಿಯನ್ನು ಕಿತ್ತುಕೊಂಡು ಹೋಯಿತು. ಸಾಬಮ್ಮ ಕೂಸನ್ನು ಮಲಗಿಸಿದ್ದ ಒಟ್ಟು ನೀರು ಕುಡಿದು ಕುಡಿದು, ಒಂದು ಕಡೆ ವಾಲಿ, ಪೂರ್ತಿ ಕುಸಿದುಬಿತ್ತು.

ಸಾಬಮ್ಮ ಅದನ್ನು ನೋಡಿದಳು. ಹಿಡಿದಿದ್ದ ಹಗ್ಗ ಬಿಟ್ಟು ಓಡಿ ಬಂದು ರಾಶಿಯ ಮೇಲೆ ಬಿದ್ದಳು. ಎರಡೂ ಕೈಯಲ್ಲಿ ಇಟ್ಟಿಗೆ ಕಿತ್ತು ಕಿತ್ತು ಎಸೆಯತೊಡಗಿದಳು. ಹಸಿ ಇಟ್ಟಿಗೆ ಅವಳ ಕೈಯಲ್ಲೇ ಮುದ್ದೆಯಾಗುತ್ತಿತ್ತು. ಮೋನಪ್ಪನೂ ಬಂದು ಅಗೆಯತೊಡಗಿದ. ದೂರದಿಂದ ಹುಲಿಗೆಮ್ಮ ಏನೋ ಕೂಗುತ್ತಿದ್ದಳು. ಬಾಯಿ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಕೂಸು ಇಲ್ಲಿದೆ, ನನ್ನ ಬಳಿ ಇದೆ ಎಂದು ನಾನು ಹೇಗೆ ಹೇಳಲಿ? ಕೂಗುವ ಬಾಯಿ ನನಗಿಲ್ಲ, ಅಲ್ಲಾಡುವ ಶಕ್ತಿಯೂ ಇಲ್ಲ. ಜೀವಮಾನದಲ್ಲಿ ನನ್ನ ಮೇಲೆ ನನಗೇ ಅಷ್ಟು ಸಿಟ್ಟು ಬಂದದ್ದು ಅಂದೇ.

ಹುಲಿಗೆಮ್ಮ ಕೂಗುವುದನ್ನು ಬಿಟ್ಟು ಕೋಣೆಗೆ ಓಡಿ ಬಂದಳು. ಕೂಸನ್ನು ಸೆರಗಿನಲ್ಲಿ ಸುತ್ತಿ, ಆ ಮಳೆಯಲ್ಲೇ ಹೊತ್ತು ಒಯ್ದು ಸಾಬಮ್ಮನ ಮುಂದೆ ಹಿಡಿದಳು. ಸಾಬಮ್ಮ ತಲೆಯೆತ್ತಿ ನೋಡಿದಳು. ಕೂಸನ್ನು ಮುಟ್ಟಲಿಲ್ಲ. ಮೊದಲು ಹುಲಿಗೆಮ್ಮನ ಕೆನ್ನೆಗೆ ಒಂದು ಬಿಗಿದಳು. ಮಣ್ಣು ಮೆತ್ತಿದ ಐದೂ ಬೆರಳು ಅಲ್ಲಿ ಮೂಡಿದವು. ಆಮೇಲೆ ಸಾಬಮ್ಮ ಕೂಸನ್ನು ಕಿತ್ತುಕೊಂಡು, ಎದೆಗೊತ್ತಿಕೊಂಡು ಕೆಸರಿನಲ್ಲೇ ಕೂತುಬಿಟ್ಟಳು. ಹುಲಿಗೆಮ್ಮನೂ ಪಕ್ಕದಲ್ಲಿ ಕೂತು ಅವಳ ತಲೆಯ ಮೇಲೆ ತನ್ನ ಸೆರಗು ಹಿಡಿದಳು.

ಮಾರನೆಯ ಬೆಳಿಗ್ಗೆ ಯಾರೂ ಅಚ್ಚು ಹಿಡಿಯಲಿಲ್ಲ. ಹೆಂಗಸರೆಲ್ಲ ಬಂದು ನನ್ನ ಬಾಗಿಲ ಮುಂದೆ ಕೂತರು. ಗಂಡಸರು ಅವರ ಹಿಂದೆ ನಿಂತರು. ಪಿಳ್ಳಪ್ಪನವರು ಬಂದು ಸಿಹಿಮಾತು ಆಡಿದರು, ಗದರಿದರು, ಮತ್ತೆ ಸಿಹಿಮಾತಿಗೆ ಇಳಿದರು.

‘ಮಳಿ ಬಂದ್ರ ಮೊದಲ ಮಕ್ಳು, ಆಮ್ಯಾಲ ಇಟ್ಟಂಗಿ’ ಎಂದಳು ಸಾಬಮ್ಮ. ಹಿಂದಿನ ದಿನದವರೆಗೆ ಮೇಸ್ತ್ರಿಯ ಮುಂದೆ ತಲೆಯೆತ್ತದವಳು. ‘ತೊಟ್ಲಾ ನೋಡ್ಕೊಳ್ಳಾಕ ಒಬ್ಬಾಕಿ ಇಲ್ಲೇ ಇರಬೇಕು. ಆಕಿ ಪಗಾರಾ ನೀವ ಕೊಡಬೇಕು. ತಗಡು ಕಾಯದಂಗ ಮ್ಯಾಲ ತೆಂಗಿನ ಸೋಗಿ ಹಾಕ್ಸ್ರಿ. ಇಲ್ಲಾಂದ್ರ ಆ ಮೇಡಮ್ಮಗ ಫೋನ್ ಮಾಡ್ತೀವಿ. ಶಾಸ್ತ್ರದ ದಿನ ಆಕಿ ನಂಬರ್ ಕೊಟ್ಟಾಳ.’

ಹಸಿ ಇಟ್ಟಿಗೆ ಅರ್ಧಕ್ಕರ್ಧ ಮಣ್ಣಾಗಿ ಬಿದ್ದಿತ್ತು. ಮಳೆಗಾಲ ಬಂದು ಬಾಗಿಲು ತಟ್ಟುವುದರೊಳಗೆ ಮತ್ತೆ ಮಾಡಿಸಬೇಕು. ಪಿಳ್ಳಪ್ಪನವರು ಒಪ್ಪಿದರು. ನನ್ನನ್ನು ಕಾಯಲು ಹುಲಿಗೆಮ್ಮನನ್ನೇ ಕೂರಿಸಿದರು. ಅವಳು ಐದಾರು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಒಂದು ಕೈಯಲ್ಲಿ ನನ್ನನ್ನು ತೂಗುತ್ತ, ಬಾಗಿಲಿನಿಂದ ಮೋಡ ನೋಡುತ್ತಿದ್ದಳು. ಆ ಕೂಸನ್ನು ತಮ್ಮ ತೊಟ್ಟಿಲೇ ಉಳಿಸಿತೆಂದು ಪಿಳ್ಳಪ್ಪನವರು ಊರೆಲ್ಲ ಹೇಳಿಕೊಂಡು ತಿರುಗಿದರು. ಒಂದು ಸಭೆಯಲ್ಲಿ ಅವರಿಗೆ ಹಾರವನ್ನೂ ಹಾಕಿದರಂತೆ. ಹಾಕಲಿ. ಅವರು ಅದನ್ನೂ ನಂಬಿರುತ್ತಾರೆ.

ಮುಂಗಾರಿಗೆ ಮೊದಲು ಕೂಲಿಯವರು ಊರಿಗೆ ಹೊರಟರು. ಸಾಬಮ್ಮನ ಕೂಸು ಆಗಿನ್ನೂ ಬೋರಲು ಬೀಳುತ್ತಿತ್ತು, ಹೊಸ್ತಿಲು ದಾಟುವುದು ದೂರದ ಮಾತು. ಅವರು ಹೋದ ಮರುದಿನವೇ ಕೋಣೆಯೊಳಗೆ ಡೀಸೆಲ್ ಕ್ಯಾನುಗಳು ಬಂದು ಕೂತವು. ನನಗೆ ಆಶ್ಚರ್ಯವಾಗಲಿಲ್ಲ. ಮರುವರ್ಷ ಅವರ್ಯಾರೂ ಬರಲಿಲ್ಲ. ಹುಲಿಗೆಮ್ಮ ಬೇರೆ ಸೀಮೆಗೆ ಹತ್ತಿ ಬಿಡಿಸಲು ಹೋದಳೆಂದು ಅಪ್ಪಯ್ಯಣ್ಣ ಯಾರಿಗೋ ಹೇಳುತ್ತಿದ್ದ. ಬಂದವರು ಬೇರೆ ಜನ. ಕ್ಯಾನುಗಳನ್ನು ಹೊರಗೆ ಹಾಕಿಸಲು ಅವರೂ ಮೊದಲಿನಿಂದ ಜಗಳ ಮಾಡಬೇಕಾಯಿತು. ಅದರ ಮುಂದಿನ ವರ್ಷದವರೂ ಮಾಡಿದರು. ಗೆದ್ದ ಮಾತು ಹಂಗಾಮು ಮುಗಿದೊಡನೆ ಗೆದ್ದವರ ಗಂಟುಮೂಟೆಯ ಜೊತೆಗೇ ಬಸ್ಸು ಹತ್ತಿಬಿಡುತ್ತದೆ.

ಈಗ ನನಗೆ ವಯಸ್ಸಾಗಿದೆ. ಗುಲಾಬಿ ಬಣ್ಣ ಉದುರಿ ತುಕ್ಕು ಕಾಣುತ್ತಿದೆ. ಒಂದು ಕೊಂಡಿ ಸವೆದು ತೂಗಿದಾಗ ಕಿರುಗುಟ್ಟುತ್ತದೆ. ಗುಜರಿಯವನು ಎರಡು ಸಲ ಬಂದು ಎತ್ತಿ ತೂಕ ನೋಡಿ ಹೋಗಿದ್ದಾನೆ. ನನ್ನ ಜಾಗ ಈಗಲೂ ಅದೇ ತಗಡಿನ ಕೋಣೆಯ ಮೂಲೆ.

ಈ ಹಂಗಾಮಿನಲ್ಲಿ ಎಲ್ಲೋ ಬಡಗಣದ ದೂರದ ನಾಡಿನ ಜನ ಬಂದಿದ್ದಾರೆ. ಅವರ ಭಾಷೆ ನನಗೆ ತಿಳಿಯುವುದಿಲ್ಲ. ಮೊನ್ನೆ ಅವರಲ್ಲಿ ಒಬ್ಬ ಎಳೆಯ ಬಾಣಂತಿ ಕೂಸನ್ನೆತ್ತಿಕೊಂಡು ಒಳಗೆ ಬಂದಳು. ಪಿಳ್ಳಪ್ಪನವರು, ಈಗ ಅವರ ತಲೆಯೂ ನೆರೆತಿದೆ, ಬಾಗಿಲಲ್ಲಿ ನಿಂತು ‘ಮಲಗಿಸಮ್ಮ, ಮಲಗಿಸು, ನಮ್ಮನೆ ಮಗಳಿದ್ದಂಗೆ ನೀನು’ ಎಂದು ನಕ್ಕರು. ಅವಳಿಗೆ ಮಾತು ಅರ್ಥವಾಗಲಿಲ್ಲ, ನಗು ಅರ್ಥವಾಗಿರಬೇಕು. ತಿರುಗಿ ನಗಲಿಲ್ಲ. ಕೂಸನ್ನು ಕಂಕುಳಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ನನ್ನ ಕೊಂಡಿ ಎಳೆದು ನೋಡಿದಳು. ಬುಟ್ಟಿಯ ಮೇಲೆ ಮೊಣಕೈ ಊರಿ ಮೈಭಾರವನ್ನೆಲ್ಲ ಬಿಟ್ಟಳು. ನೆಲಕ್ಕೆ ಬಗ್ಗಿ ನನ್ನ ಅಡಿ ಭಾಗ ಪರೀಕ್ಷಿಸಿದಳು. ಹಾಸಿದ ಬಟ್ಟೆಯನ್ನು ಮೂಸಿ, ಡೀಸೆಲ್ ವಾಸನೆಗೆ ಮುಖ ಸಿಂಡರಿಸಿ, ತೆಗೆದು ಹೊರಗೆಸೆದು, ತನ್ನದೇ ಬಟ್ಟೆ ಹಾಸಿದಳು. ಇಷ್ಟು ವರ್ಷದಲ್ಲಿ ನನ್ನನ್ನು ನಿಜವಾಗಿ ತಪಾಸಣೆ ಮಾಡಿದವಳು ಅವಳೊಬ್ಬಳೇ.

ಹಾಗೇ ಇರು ತಾಯಿ ಎಂದುಕೊಂಡೆ. ನನ್ನನ್ನೂ ನಂಬಬೇಡ. ದಿನಾ ನೋಡಿ, ಎಳೆದು, ಒತ್ತಿ, ಆಮೇಲೆ ಮಲಗಿಸು.

ಅವಳು ಕೂಸನ್ನು ಮಲಗಿಸಿದಳು. ಹೋಗುವಾಗ ಪಿಳ್ಳಪ್ಪನವರು ಬಾಗಿಲು ಎಳೆದುಕೊಳ್ಳಲು ಕೈ ಚಾಚಿದರು. ಅವಳು ಅವರ ಕೈಯಿಂದ ಬಾಗಿಲನ್ನು ಬಿಡಿಸಿಕೊಂಡು, ಗೋಡೆಯವರೆಗೆ ಪೂರ್ತಿ ತೆರೆದು, ಒಂದು ದೊಡ್ಡ ಕಲ್ಲನ್ನು ಕಾಲಿನಿಂದ ಉರುಳಿಸಿ ತಂದು ಅದಕ್ಕೆ ಒತ್ತು ಕೊಟ್ಟಳು. ಆಮೇಲೆ ಮಣ್ಣಿನ ಗುಂಡಿಗೆ ಇಳಿದು, ನನ್ನ ಕಡೆಗೆ ಮುಖ ಮಾಡಿ ಕೂತು, ಅಚ್ಚು ಕೈಗೆತ್ತಿಕೊಂಡಳು.